ತಾರೀಖು ಸರಿ, ಪಂಚಾಂಗ ಯಾವುದು?

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಒಂದು ರಸಪ್ರಶ್ನೆ ಸ್ಪರ್ಧೆಯಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊನೆಯ ಸುತ್ತು. ಎರಡು ತಂಡಗಳಿಗೂ ಸಮಾನ ಅಂಕ. ಚೀಟಿ ತೆಗೆದು ಓದಿದೆ: 'ಸರ್ ಐಸಾಕ್ ನ್ಯೂಟನ್ ಹುಟ್ಟಿದ ದಿನಾಂಕ ಯಾವುದು?' ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಡಮಾಡದೆ '1643ರ ಜನವರಿ 4' ಅಂದಳು. ನನ್ನ ಚೀಟಿಯಲ್ಲಿದ್ದದ್ದು 1642ರ ಡಿಸೆಂಬರ್ 25. 'ತಪ್ಪು' ಅಂದೆ. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅಲ್ಲಿದ್ದ ಹುಡುಗ 'ಕ್ರಿಸ್‌ಮಸ್ ದಿನ, 1642' ಅಂದ. ಚಪ್ಪಾಳೆ ಬಿತ್ತು, ಬಹುಮಾನವೂ ಅವರಿಗೇ ಹೋಯಿತು. ವೇದಿಕೆ ಇಳಿಯುವಾಗ ಆ ಹುಡುಗಿ ಹತ್ತಿರ ಬಂದು, 'ಸಾರ್, ನಮ್ಮ ಲೈಬ್ರರಿ ಪುಸ್ತಕದಲ್ಲಿ ಜನವರಿ 4 ಅಂತಲೇ ಇದೆ ಸಾರ್' ಅಂದಳು. 'ಅಚ್ಚಿನ ತಪ್ಪಿರಬೇಕಮ್ಮ' ಎಂದು ಹೇಳಿ ಕಳಿಸಿಬಿಟ್ಟೆ.

ಅಚ್ಚಿನ ತಪ್ಪಾಗಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಪುಸ್ತಕ ತೆಗೆದು ನೋಡಿದರೆ ಎರಡು ತಾರೀಖುಗಳೂ ಇದ್ದವು, ಎರಡೂ ಒಂದೇ ದಿನದ ಹೆಸರುಗಳು! ಒಂದು ಹಳೆಯ ಜೂಲಿಯನ್ ಕ್ಯಾಲೆಂಡರಿನದು, ಇನ್ನೊಂದು ನಾವು ಈಗ ಗೋಡೆಗೆ ತೂಗುಹಾಕುವ ಗ್ರೆಗೋರಿಯನ್ ಕ್ಯಾಲೆಂಡರಿನದು. ವಿಜ್ಞಾನದ ಮೇಷ್ಟ್ರಾಗಿ ನನಗೆ ಇನ್ನೂ ಒಂದು ಪೆಟ್ಟು ಕಾದಿತ್ತು. 'ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ' ಎಂದು ವರ್ಷವರ್ಷವೂ ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಗೆಲಿಲಿಯೊ ಸತ್ತದ್ದು 1642ರ ಜನವರಿ 8ರಂದು, ಇಟಲಿಯ ಹೊಸ ಕ್ಯಾಲೆಂಡರಿನ ಪ್ರಕಾರ. ನ್ಯೂಟನ್ ಹುಟ್ಟಿದ್ದನ್ನೂ ಅದೇ ಕ್ಯಾಲೆಂಡರಿನಲ್ಲಿ ಎಣಿಸಿದರೆ 1643 ಬಂದುಬಿಡುತ್ತದೆ. ಒಬ್ಬನನ್ನು ಒಂದು ತಕ್ಕಡಿಯಲ್ಲಿ, ಇನ್ನೊಬ್ಬನನ್ನು ಇನ್ನೊಂದು ತಕ್ಕಡಿಯಲ್ಲಿ ತೂಗಿ 'ಸರಿಸಮ' ಎಂದು ಸಾರುತ್ತಿದ್ದೆ.

ಇದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಅಜ್ಜಿ ಮೊಮ್ಮಗನ ಹುಟ್ಟುಹಬ್ಬವನ್ನು ತಿಥಿ ನೋಡಿ ಮಾಡುತ್ತಾರೆ, ಮೊಮ್ಮಗ ಚಾಕಲೇಟು ಹಂಚುವುದು ತಾರೀಖು ನೋಡಿ. (ನಮ್ಮ ಹಿರಿಯರಲ್ಲಿ ಅನೇಕರಿಗೆ ಮೂರನೆಯದೂ ಒಂದಿತ್ತು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು!) ಯಾವುದೂ ಸುಳ್ಳಲ್ಲ, ಯಾವ ಲೆಕ್ಕದ್ದು ಎಂದು ಹೇಳಬೇಕು, ಅಷ್ಟೆ.

ಲೆಕ್ಕ ಎಲ್ಲಿ ತಪ್ಪಿತು ನೋಡೋಣ. ಜೂಲಿಯಸ್ ಸೀಸರ್ ಜಾರಿಗೆ ತಂದ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ವರ್ಷ. ಅಂದರೆ ವರ್ಷದ ಸರಾಸರಿ 365.25 ದಿನ. ಋತುಗಳ ನಿಜವಾದ ವರ್ಷ ಸುಮಾರು 365.2422 ದಿನ. ವ್ಯತ್ಯಾಸ ವರ್ಷಕ್ಕೆ ಹನ್ನೊಂದು ನಿಮಿಷದ ಮೇಲೆ ಚೂರು. ಆದರೆ ಹನಿಗೂಡಿದರೆ ಹಳ್ಳ ಅಲ್ಲವೆ? ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಈಸ್ಟರ್ ಹಬ್ಬದ ಲೆಕ್ಕಕ್ಕೆ ಆಧಾರವಾಗಿದ್ದದ್ದು ಕ್ರಿ.ಶ. 325ರ ನೈಸಿಯಾ ಸಭೆಯ ಕಾಲದ ವಿಷುವ. 1582ರ ಹೊತ್ತಿಗೆ ಅದು ಹತ್ತು ದಿನ ಹಿಂದಕ್ಕೆ ಸರಿದಿತ್ತು. 1582ರಿಂದ 325 ಕಳೆದು 128ರಿಂದ ಭಾಗಿಸಿ, ನೀವೇ ನೋಡಿ. ಪೋಪ್ ಹದಿಮೂರನೆಯ ಗ್ರೆಗೋರಿ ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಸಾರಿದ. ಮುಂದೆ ಮತ್ತೆ ತಪ್ಪದಿರಲೆಂದು 400ರಿಂದ ಭಾಗವಾಗದ ಶತಮಾನದ ವರ್ಷಗಳಿಗೆ ಅಧಿಕ ದಿನ ಇಲ್ಲವೆಂದ. ಅದಕ್ಕೇ 1900 ಅಧಿಕ ವರ್ಷವಲ್ಲ, 2000 ಹೌದು. ಎರಡು ಕ್ಯಾಲೆಂಡರುಗಳ ಅಂತರ 1700ರವರೆಗೆ 10 ದಿನವಿದ್ದದ್ದು ಆಮೇಲೆ 11, 12 ಎಂದು ಬೆಳೆದು, 1900ರಿಂದ 13 ಆಗಿದೆ.

ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡುಗಳು ಕೂಡಲೆ ಒಪ್ಪಿದವು. ಪೋಪನ ಮಾತು ಕೇಳುವುದೆ ಎಂದು ಇಂಗ್ಲೆಂಡ್ 170 ವರ್ಷ ಹಟ ಹಿಡಿಯಿತು. ಕೊನೆಗೆ 1752ರಲ್ಲಿ ಸೆಪ್ಟೆಂಬರ್ 2ರ ಬುಧವಾರ ಮಲಗಿದವರು ಸೆಪ್ಟೆಂಬರ್ 14ರ ಗುರುವಾರ ಎದ್ದರು. 'ನಮ್ಮ ಹನ್ನೊಂದು ದಿನ ವಾಪಸು ಕೊಡಿ' ಎಂದು ಜನ ದಂಗೆ ಎದ್ದರೆಂದು ಎಷ್ಟೋ ಗೈಡುಗಳಲ್ಲಿದೆ. ಆದರೆ ಅಂಥ ದಂಗೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಹೊಗಾರ್ತ್ ಎಂಬ ಕಲಾವಿದ ಬರೆದ ಚುನಾವಣೆಯ ಚಿತ್ರವೊಂದರಲ್ಲಿ ಅಂಥ ಘೋಷಣೆಯ ಫಲಕವಿದೆ, ಕತೆ ಬೆಳೆದದ್ದು ಅಲ್ಲಿಂದ ಇರಬೇಕು.

ಇಂಗ್ಲೆಂಡಿನಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. 1752ರಿಂದ ಅದನ್ನು ಜನವರಿ 1ಕ್ಕೆ ತಂದ ಕಾರಣ 1751ನೇ ಇಸವಿಗೆ ಅಲ್ಲಿ 282 ದಿನಗಳು ಮಾತ್ರ! ನ್ಯೂಟನ್ ತೀರಿಕೊಂಡದ್ದು ಮಾರ್ಚ್ 20ರಂದು, ಹೊಸ ವರ್ಷಕ್ಕೆ ಐದು ದಿನ ಮೊದಲು. ಹೀಗಾಗಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಅವನ ಸ್ಮಾರಕದಲ್ಲಿ 1726 ಎಂದಿದೆ, ನಮ್ಮ ಪುಸ್ತಕಗಳಲ್ಲಿ 1727.

ಆಗ ಅಮೆರಿಕ ಬ್ರಿಟಿಷರ ವಸಾಹತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು 1731ರ ಫೆಬ್ರವರಿ 11. ಕ್ಯಾಲೆಂಡರ್ ಬದಲಾದ ಮೇಲೆ ಅದು 1732ರ ಫೆಬ್ರವರಿ 22 ಆಯಿತು. ದಿನ ಹನ್ನೊಂದು ಮುಂದಕ್ಕೆ, ಇಸವಿ ಒಂದು ಮುಂದಕ್ಕೆ. ತಮಾಷೆ ಇಲ್ಲಿಗೆ ಮುಗಿಯಲಿಲ್ಲ. 1971ರಿಂದ ಅಲ್ಲಿ ವಾಷಿಂಗ್ಟನ್ ಜನ್ಮದಿನದ ಸರ್ಕಾರಿ ರಜೆ ಫೆಬ್ರವರಿಯ ಮೂರನೆಯ ಸೋಮವಾರ. ಮೂರನೆಯ ಸೋಮವಾರ 15ರಿಂದ 21ರೊಳಗೆ ಬರಲೇಬೇಕು. ಹಾಗಾಗಿ ಜನ್ಮದಿನದ ರಜೆ ಎಂದೂ ಜನ್ಮದಿನದಂದು ಬರುವುದಿಲ್ಲ. ಕ್ವಿಜ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ನಮಗೂ ಇದು ತಟ್ಟದೆ ಇಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್ ಸನದು ಕೊಟ್ಟದ್ದು 1600ರ ಡಿಸೆಂಬರ್ 31 ಎಂದು ನೀವು ಬಾಯಿಪಾಠ ಮಾಡಿದ್ದೀರಿ. ಅದು ಇಂಗ್ಲೆಂಡಿನ ಹಳೆಯ ಲೆಕ್ಕ. ಅದೇ ದಿನ ಪೋರ್ಚುಗಲ್ಲಿನ ಕ್ಯಾಲೆಂಡರಿನಲ್ಲಿ 1601ರ ಜನವರಿ 10! ಪ್ಲಾಸಿ ಕದನದ 1757ರ ಜೂನ್ 23ಕ್ಕೆ ಮಾತ್ರ ಈ ತಕರಾರಿಲ್ಲ, ಅಷ್ಟರಲ್ಲಿ ಇಂಗ್ಲೆಂಡ್ ಬದಲಾಗಿತ್ತು.

ಪೌರನೀತಿ ಓದುವವರಿಗೆ ಒಂದು ಸ್ವಾರಸ್ಯ. ಇಂಗ್ಲೆಂಡಿನ 'ಬಿಲ್ ಆಫ್ ರೈಟ್ಸ್' ಯಾವ ವರ್ಷದ್ದು? ರಾಜಮುದ್ರೆ ಬಿದ್ದದ್ದು 1689ರ ಡಿಸೆಂಬರಿನಲ್ಲಿ. ಪುಸ್ತಕಗಳೂ 1689 ಎನ್ನುತ್ತವೆ. ಆದರೆ ಬ್ರಿಟನ್ನಿನ ಕಾನೂನು ಸಂಪುಟದಲ್ಲಿ ಅದು 1688ರ ಕಾನೂನು. ಡಿಸೆಂಬರಿಗೆ ಮಾರ್ಚ್ 25ರ ತೊಡಕು ಇಲ್ಲವಲ್ಲ ಎನ್ನುತ್ತೀರಾ? ಸರಿಯಾದ ಸಂಶಯ. ಆಗೆಲ್ಲ ಯಾವ ಕಾನೂನೇ ಆಗಲಿ, ಪಾರ್ಲಿಮೆಂಟಿನ ಆ ಅಧಿವೇಶನದ ಮೊದಲ ದಿನವೇ ಜಾರಿಗೆ ಬಂತೆಂದು ಎಣಿಸುತ್ತಿದ್ದರು. ಆ ಪಾರ್ಲಿಮೆಂಟು ಶುರುವಾದದ್ದು ಫೆಬ್ರವರಿಯಲ್ಲಿ, ಅದರ ಕಾನೂನುಗಳನ್ನೆಲ್ಲ ಆ ವರ್ಷಕ್ಕೇ ಸೇರಿಸಿದರು. ಹಳೆಯ ಲೆಕ್ಕದಲ್ಲಿ ಅದಿನ್ನೂ 1688. ಈ ಪದ್ಧತಿಯನ್ನು 1793ರಲ್ಲಿ ಕೈಬಿಟ್ಟರು. ಇಂದಿಗೂ ಬ್ರಿಟನ್ನಿನ ಆದಾಯ ತೆರಿಗೆಯ ವರ್ಷ ಏಪ್ರಿಲ್ 6ರಂದು ಶುರುವಾಗುವುದರ ಹಿಂದೆಯೂ ಆ ಮಾರ್ಚ್ 25 ಮತ್ತು ಕಳೆದುಹೋದ ಹನ್ನೊಂದು ದಿನಗಳ ನೆರಳಿದೆ.

ಇನ್ನು ರಷ್ಯಾ. 'ಅಕ್ಟೋಬರ್ ಕ್ರಾಂತಿ ನಡೆದದ್ದು ಯಾವ ತಿಂಗಳಲ್ಲಿ?' ಎಂಬುದು ಕ್ವಿಜ್ ವೇದಿಕೆಗಳ ಹಳೆಯ ಗೂಗ್ಲಿ. 1917ರ ಅಕ್ಟೋಬರ್ 25 ನಮ್ಮ ಲೆಕ್ಕಕ್ಕೆ ನವೆಂಬರ್ 7. ಅದೇ ವರ್ಷದ ಫೆಬ್ರವರಿ ಕ್ರಾಂತಿ ಶುರುವಾದದ್ದು ಫೆಬ್ರವರಿ 23ರಂದು, ಪೆಟ್ರೋಗ್ರಾಡಿನ ಬಟ್ಟೆ ಗಿರಣಿಗಳ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗಿಳಿದಾಗ. ಹದಿಮೂರು ದಿನ ಕೂಡಿಸಿ. 1917ರಲ್ಲಿ ಫೆಬ್ರವರಿಗೆ 28 ದಿನ, ಉತ್ತರ ಮಾರ್ಚ್ 8. ಹೌದು, ಮಹಿಳಾ ದಿನ! ಲೆನಿನ್ ಸರ್ಕಾರ 1918ರ ಜನವರಿ 31ರ ಮರುದಿನವನ್ನು ಫೆಬ್ರವರಿ 14 ಮಾಡಿತು. ಅಲ್ಲಿನ ಚರ್ಚು ಒಪ್ಪಲಿಲ್ಲ. ಅದಕ್ಕೇ ರಷ್ಯಾದ ಕ್ರಿಸ್‌ಮಸ್ ಇಂದಿಗೂ ಜನವರಿ 7ಕ್ಕೆ.

ಷೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಇಬ್ಬರೂ ಸತ್ತದ್ದು 1616ರ ಏಪ್ರಿಲ್ 23ರಂದು, ಒಂದೇ ದಿನ ಎಂಬ ಮಾತನ್ನೂ ಈಗ ನೀವೇ ಒಡೆಯಬಲ್ಲಿರಿ. ಇಂಗ್ಲೆಂಡಿನ ಏಪ್ರಿಲ್ 23 ಸ್ಪೇನಿನಲ್ಲಿ ಮೇ 3. (ಸೆರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಮಣ್ಣಾದ ದಿನ ಎಂದೂ ಈಗ ಹೇಳುತ್ತಾರೆ.) ಯುನೆಸ್ಕೊ 1995ರಲ್ಲಿ ಆ ತಾರೀಖನ್ನೇ ವಿಶ್ವ ಪುಸ್ತಕ ದಿನ ಮಾಡಿದೆ, ಇರಲಿ.

ತಂದೆ-ತಾಯಂದಿರಲ್ಲಿ ಒಂದು ಕೋರಿಕೆ. ಎರಡು ಗೈಡುಗಳಲ್ಲಿ ಎರಡು ತಾರೀಖು ಕಂಡಾಗ ಮಗು ಕೇಳಿದರೆ, 'ದೊಡ್ಡ ಪುಸ್ತಕದಲ್ಲಿರುವುದೇ ಸರಿ' ಎಂದು ಬಾಯಿ ಮುಚ್ಚಿಸಬೇಡಿ. ಮೊದಲು ಕಳೆದು ನೋಡಲು ಹೇಳಿ. ವ್ಯತ್ಯಾಸ 10, 11, 12 ಅಥವಾ 13 ಬಂದರೆ ಕಳ್ಳ ಬಹುಮಟ್ಟಿಗೆ ಸಿಕ್ಕಂತೆಯೇ. ಬೇರೇನೋ ಬಂದರೆ ಆಗ ಅಚ್ಚಿನ ತಪ್ಪನ್ನು ಹುಡುಕಬಹುದು. ಪ್ರಶ್ನೆ ತಯಾರಿಸುವ ಸಹೋದ್ಯೋಗಿಗಳಿಗೆ ಹೇಳುವುದೂ ಇಷ್ಟೆ, 1752ಕ್ಕಿಂತ ಹಿಂದಿನ ಇಂಗ್ಲೆಂಡ್, 1918ಕ್ಕಿಂತ ಹಿಂದಿನ ರಷ್ಯಾ ಬಂದರೆ ಚೀಟಿಯಲ್ಲಿ ಎರಡೂ ಉತ್ತರ ಬರೆದುಕೊಳ್ಳಿ.

ಆ ಹುಡುಗಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ನಾನು ಮರುವಾರವೇ ಕಾಗದ ಬರೆದೆ. ತಪ್ಪು ನನ್ನದು, ಅವಳ ಉತ್ತರ ಸರಿ ಎಂದು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಅದನ್ನು ಓದಿಸಿದರಂತೆ. ಬಹುಮಾನದ ಕಪ್ಪು ಮಾತ್ರ ಹೋದಲ್ಲಿಯೇ ಉಳಿಯಿತು. ಮುಂದಿನ ವರ್ಷದ ಸ್ಪರ್ಧೆಯಲ್ಲಿ ಎದುರಾದಾಗ ಅವಳು ಕೇಳಿದ್ದು, 'ಸಾರ್, ಈ ಸಲ ಯಾವ ಕ್ಯಾಲೆಂಡರು?'

ಈ ವಾರದ ಪ್ರಶ್ನೆ: ಅಮೆರಿಕ ರಷ್ಯಾದಿಂದ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಕೊಂಡು, 1867ರ ಅಕ್ಟೋಬರ್ 18ರಂದು ವಶಕ್ಕೆ ತೆಗೆದುಕೊಂಡಿತು. ಆಗ ಅಲಾಸ್ಕಾದಲ್ಲಿ ಅಕ್ಟೋಬರ್ 6ರ ಶುಕ್ರವಾರದ ಮರುದಿನ ಅಕ್ಟೋಬರ್ 18, ಅದೂ ಶುಕ್ರವಾರವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಂತರ 12 ದಿನ, ಹಾಗಿದ್ದರೆ 6ರ ಮರುದಿನ 19 ಆಗಬೇಕಿತ್ತು. ಆ ಒಂದು ದಿನ ಎಲ್ಲಿ ಹೋಯಿತು, ಶುಕ್ರವಾರ ಎರಡು ಸಲ ಬಂದದ್ದು ಹೇಗೆ? ಕ್ಯಾಲೆಂಡರಿನ ಜತೆಗೆ ಭೂಪಟವನ್ನೂ ಮುಂದಿಟ್ಟುಕೊಳ್ಳಿ. ಉತ್ತರ ಮುಂದಿನ ವಾರ.