ಮಗ್ಗದ ಸದ್ದು, ಕಿವಿಯ ಮೊರೆತ

ಜೇಡರ ದಾಸಿಮಯ್ಯನವರ ಕಾಯಕ ನೇಯ್ಗೆ. ಇಂದಿಗೂ ರಬಕವಿ-ಬನಹಟ್ಟಿಯಂತಹ ಊರುಗಳಲ್ಲಿ ಅನೇಕ ಕುಟುಂಬಗಳಿಗೆ ಅದೇ ಅನ್ನದ ದಾರಿ. ಆದರೆ ಕೈಮಗ್ಗದ ಸ್ಥಾನಕ್ಕೆ ಬಂದ ವಿದ್ಯುತ್ ಮಗ್ಗದ ಸದ್ದು 90 ಡೆಸಿಬೆಲ್ ದಾಟುವುದುಂಟು. ದಿನಕ್ಕೆ 8 ಗಂಟೆ ದುಡಿಯುವವರಿಗೆ 85 ಡೆಸಿಬೆಲ್ಲೇ ಮಿತಿಯೆಂಬುದು ತಜ್ಞರ ಮತ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದೇ ಗಂಟೆ!

ದುಡಿದು ಬಂದ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವ ಮೊರೆತವನ್ನು ಬರಿಯ ದಣಿವೆಂದು ನಾವು ಕಡೆಗಣಿಸಬಾರದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನೊಂದಿರುವುದರ ಸೂಚನೆ ಅದು. ಕಿವಿಯೊಂದಕ್ಕೆ ಸುಮಾರು 15,000ದಷ್ಟಿರುವ ಈ ಕೋಶಗಳು ಸತ್ತರೆ ಮರಳಿ ಹುಟ್ಟಲಾರವು.

ಆದ್ದರಿಂದ ಮಗ್ಗದ ಬಳಿ ಇಯರ್‌ಪ್ಲಗ್ ಧರಿಸೋಣ. ಹತ್ತಿಯ ಉಂಡೆ ಸಾಲದು. ನಡುನಡುವೆ ಹೊರಬಂದು ಕಿವಿಗೆ ವಿಶ್ರಾಂತಿ ನೀಡೋಣ. ಮಗುವಿನ ತೊಟ್ಟಿಲನ್ನು ಮಗ್ಗದಿಂದ ದೂರವಿಡೋಣ. ಕಿವಿ ನೋವಾದರೆ ಕಾಯಿಸಿದ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸೋಣ. ಕಿವಿಯ ತಮಟೆ ಹರಿದಿದ್ದರೆ ಎಣ್ಣೆಯಿಂದ ಅಪಾಯವೇ ಹೆಚ್ಚು.

ಕಾಯಕ ನಿಲ್ಲಬಾರದು, ನಿಜ. ಆದರೆ ಶರಣರ ನುಡಿಯನ್ನೂ ಮೊಮ್ಮಕ್ಕಳ ತೊದಲನ್ನೂ ಕೇಳಲು ಕಿವಿ ಉಳಿಯಬೇಕಲ್ಲವೇ?