ಒಂದು ಅಗುಳು ಸಾಲದು

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಮಾತು. ಪಾತ್ರೆಯಲ್ಲಿರುವುದೆಲ್ಲ ಒಂದೇ ಸಮನಾಗಿ ಬೆಂದಿದ್ದರೆ ಮಾತ್ರ ಅದು ಸತ್ಯ. ತಳ ಸೀದು ಮೇಲ್ಭಾಗ ಅರೆಬೆಂದಿದ್ದರೆ ಆ ಅಗುಳು ನಮ್ಮನ್ನು ವಂಚಿಸುತ್ತದೆ.

ರಸಾಯನ ವಿಜ್ಞಾನದ ಪ್ರಮಾಣದ್ರವ್ಯಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಇಂತಿಷ್ಟು ಇಂಗಾಲವುಳ್ಳದ್ದೆಂದು ಪ್ರಮಾಣಪತ್ರ ಪಡೆದ ಉಕ್ಕಿನ ಚೂರುಗಳನ್ನು ಸೀಸೆಗಳಲ್ಲಿ ತುಂಬಿ ಪ್ರಯೋಗಶಾಲೆಗಳಿಗೆ ಕಳುಹಿಸುವರು. ಅಲ್ಲಿಯವರು ಅದಕ್ಕೆ ಹೋಲಿಸಿ ತಮ್ಮ ಉಪಕರಣಗಳನ್ನು ತಿದ್ದಿಕೊಳ್ಳುವರು. 1901ರಲ್ಲಿ ಸ್ಥಾಪಿತವಾದ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಈ ಕಾರ್ಯವನ್ನು ತನ್ನ ಮೊದಲ ದಶಕದಲ್ಲಿಯೇ ಎರಕದ ಕಬ್ಬಿಣದಿಂದ ಆರಂಭಿಸಿತು. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ‘ಭಾರತೀಯ ನಿರ್ದೇಶಕ ದ್ರವ್ಯ’ಗಳ ಕಾರ್ಯವನ್ನು ನಿರ್ವಹಿಸುತ್ತಿದೆ. ಆದರೆ ಕರಗಿದ ಲೋಹ ಘನೀಭವಿಸುವಾಗ ಅದರ ಘಟಕಗಳು ಎಲ್ಲೆಡೆಯೂ ಸಮನಾಗಿ ನಿಲ್ಲುವುದಿಲ್ಲ. ಅಲುಗಿದ ಪುಡಿಯಲ್ಲಿ ಸಣ್ಣ ಕಣಗಳು ಕೆಳಕ್ಕೆ ಜಾರುತ್ತವೆ. ಸೀಸೆಯಿಂದ ಸೀಸೆಗೆ ದ್ರವ್ಯ ಬೇರೆಯಾದರೆ, ಅದನ್ನು ನಂಬಿದ ಪ್ರಯೋಗಶಾಲೆಗಳು ತಮಗರಿವಿಲ್ಲದೆಯೇ ತಪ್ಪುತ್ತವೆ.

ಇದನ್ನು ಪರೀಕ್ಷಿಸುವುದೆಂತು? ಹತ್ತು ಸೀಸೆಗಳನ್ನು ಆರಿಸಿ, ಒಂದೊಂದರಿಂದಲೂ ಎರಡು ಪಾಲು ತೆಗೆದು, ಒಟ್ಟು 20 ಅಳತೆಗಳನ್ನು ಮಾಡೋಣ. ಸೀಸೆಗಳನ್ನು ಸಾಲಾಗಿ ಅಳೆದರೆ, ಉಪಕರಣ ಬಿಸಿಯೇರಿ ಅಳತೆ ಜರುಗಿದುದೂ ಸೀಸೆಗಳ ಭೇದದಂತೆಯೇ ತೋರೀತು. ಆದುದರಿಂದ ಸೀಸೆಗಳ ಆಯ್ಕೆಯನ್ನೂ ಅಳತೆಯ ಕ್ರಮವನ್ನೂ ಚೀಟಿ ಎತ್ತಿಯೇ ಗೊತ್ತುಮಾಡಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಆರ್. ಎ. ಫಿಷರ್ 1920ರ ದಶಕದಲ್ಲಿ ಹೊಲದ ಪ್ರಯೋಗಗಳಿಗಾಗಿ ಪ್ರತಿಪಾದಿಸಿದ ತತ್ತ್ವವಿದು. ಅನಂತರ ಸೀಸೆಗಳ ನಡುವಣ ಏರುಪೇರನ್ನು ಒಂದೇ ಸೀಸೆಯ ಪಾಲುಗಳ ನಡುವಣ ಏರುಪೇರಿನಿಂದ ಭಾಗಿಸಬೇಕು. ಸೀಸೆಗಳಲ್ಲಿ ಭೇದವಿಲ್ಲದಿದ್ದರೆ, ಫಿಷರರ ವಿಧಾನದಂತೆ ಲೆಕ್ಕಹಾಕಿದ ಈ ನಿಷ್ಪತ್ತಿಯು 1ರ ಸುತ್ತಮುತ್ತ ಇರುತ್ತದೆ, 3.02ನ್ನು ಮೀರುವ ಸಂಭವ ನೂರಕ್ಕೆ ಐದು ಮಾತ್ರ.

ನಿಷ್ಪತ್ತಿ ಚಿಕ್ಕದಾದ ಮಾತ್ರಕ್ಕೆ ದ್ರವ್ಯ ಏಕರೂಪವೆಂದು ಸಾರುವಂತಿಲ್ಲ. ಒರಟು ತಕ್ಕಡಿಗೆ ಎಲ್ಲ ಮೂಟೆಗಳೂ ಒಂದೇ ತೂಕ! ಅಳತೆಯ ದೋಷವೇ ದೊಡ್ಡದಾದರೆ ದ್ರವ್ಯದ ದೋಷ ಅದರಲ್ಲಿ ಅಡಗಿಹೋಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಈ ವಿವೇಕವನ್ನು ಕಲಿಸುತ್ತಿರುವೆವೇ? ವಿದ್ಯಾರ್ಥಿಯು ಒಂದೇ ಅಳತೆ ತೆಗೆದು, ಪುಸ್ತಕದ ಉತ್ತರಕ್ಕೆ ಅದನ್ನು ಹೊಂದಿಸಿ ಬರೆಯುತ್ತಾನೆ. ಹಾಗೆ ಹೊಂದಿದ ಉತ್ತರಕ್ಕೇ ಅಂಕ ಕೊಡುವ ಅಧ್ಯಾಪಕರಾದ ನಮಗೂ ಈ ತಪ್ಪಿನಲ್ಲಿ ಪಾಲುಂಟು. ಪ್ರಯೋಗವನ್ನು ಯೋಜಿಸಿದ ಬಗೆಗೂ ಅಂಕ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಉಪಕರಣವೇನೂ ಬೇಡ. ಮುಂದಿನ ತರಗತಿಯಲ್ಲಿ ಒಂದು ತಂತಿಯ ವ್ಯಾಸವನ್ನು ಹತ್ತು ಎಡೆಗಳಲ್ಲಿ, ಎರಡೆರಡು ಬಾರಿ, ಚೀಟಿ ಎತ್ತಿದ ಕ್ರಮದಲ್ಲಿ ಸ್ಕ್ರೂ ಗೇಜಿನಿಂದ ಅಳೆದು ನೋಡಿರಿ. ತಂತಿ ಎಲ್ಲೆಡೆಯೂ ಒಂದೇ ದಪ್ಪವೇ ಎಂಬುದನ್ನು ಪುಸ್ತಕ ಹೇಳಲಾರದು. ನಿಮ್ಮ 20 ಅಂಕಿಗಳು ಹೇಳಬಲ್ಲವು.