ನೆಲದಡಿಯ ಕೊಳವೆಯನ್ನು ನೋಡುವವರು ಯಾರು?

ಇಂದೋರ್ ನಗರದ ಭಾಗೀರಥಪುರದಲ್ಲಿ 2025ರ ಡಿಸೆಂಬರ್ ಕೊನೆಯ ವಾರ ನಳ್ಳಿ ನೀರು ಕುಡಿದ ನೂರಾರು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹಲವರು ಪ್ರಾಣ ಕಳೆದುಕೊಂಡರು. ದೇಶದ ಸ್ವಚ್ಛ ನಗರವೆಂದು ವರ್ಷಾನುವರ್ಷ ಪ್ರಶಸ್ತಿ ಪಡೆದ ಊರಿದು. ಅಲ್ಲಿ ಪೊಲೀಸ್ ಹೊರಠಾಣೆಯೊಂದರ ಶೌಚಾಲಯದ ಬಳಿ ಮುಖ್ಯ ಕೊಳವೆ ಸೋರುತ್ತಿದ್ದುದು ಆಮೇಲೆ ಪತ್ತೆಯಾಯಿತು. ರಸ್ತೆ ಗುಡಿಸಿದರೆ ಎಲ್ಲರಿಗೂ ಕಾಣುತ್ತದೆ, ನೆಲದಡಿಯ ಕೊಳವೆ ಯಾರಿಗೂ ಕಾಣುವುದಿಲ್ಲ.

ಸೋರಿಕೆ ಎಂದರೆ ನೀರು ಪೋಲಾಗುವುದು ಎಂದಷ್ಟೇ ನಾವು ತಿಳಿದಿದ್ದೇವೆ. ನಮ್ಮಂತೆ ದಿನದಲ್ಲಿ ಕೆಲವೇ ಗಂಟೆ, ಅಥವಾ ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಕೊಳವೆಯಲ್ಲಿ ಒತ್ತಡ ಇರುವ ತನಕ ನೀರು ಬಿರುಕಿನಿಂದ ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಇಳಿದು, ಪಕ್ಕದ ಚರಂಡಿಯ ಕೊಳಕು ಅದೇ ಬಿರುಕಿನಿಂದ ಒಳಗೆ ಬರುತ್ತದೆ. ಮರುದಿನ ನಳ್ಳಿ ತಿರುಗಿಸಿದಾಗ ಮೊದಲು ಬರುವುದು ಆ ನೀರೇ. ಮೊದಲ ಒಂದೆರಡು ಕೊಡ ಚೆಲ್ಲುವ ಅಭ್ಯಾಸ ನಮ್ಮ ಮನೆಗಳ ಹೆಂಗಸರಿಗೆ ಇರುವುದು ಸುಮ್ಮನೆ ಅಲ್ಲ.

ಮಂಗಳೂರಿಗೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟೆಯಿಂದ ನೀರು ಬರುತ್ತದೆ. 2016, 2019 ಮತ್ತು 2023ರ ಬೇಸಿಗೆಗಳಲ್ಲಿ ಹೊಳೆ ಬತ್ತಿ ನಗರಕ್ಕೆ ರೇಷನಿಂಗ್ ಮಾಡಬೇಕಾಯಿತು. ಆಗೆಲ್ಲ ಚರ್ಚೆ ನಡೆದದ್ದು ಅಣೆಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂಬುದರ ಬಗ್ಗೆ. ಅಲ್ಲಿಂದ ಹೊರಟ ನೀರಿನಲ್ಲಿ ಮನೆ ತಲಪುವುದೆಷ್ಟು ಎಂದು ಕೇಳಿದವರು ಕಡಿಮೆ. ಕರಾವಳಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ನಮ್ಮ ಮುರಕಲ್ಲಿನ ನೆಲ ನೀರನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಸಣ್ಣ ಸೋರಿಕೆ ಮೇಲೆ ಬಂದು ತೋರುವುದೇ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಎಲ್ಲೆಲ್ಲೂ ಒದ್ದೆಯಾಗಿರುವಾಗ ಯಾವುದು ಮಳೆ ನೀರು, ಯಾವುದು ಕೊಳವೆ ನೀರು ಎಂದು ಹೇಳುವುದು ಹೇಗೆ? ನಿಮಿಷಕ್ಕೆ ಹತ್ತು ಲೀಟರ್ ಸೋರಿದರೂ ದಿನಕ್ಕೆ 14,400 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂಬ ಸರಕಾರಿ ಲೆಕ್ಕ ಹಿಡಿದರೆ ಅದು ನೂರಕ್ಕೂ ಹೆಚ್ಚು ಜನರ ಒಂದು ದಿನದ ಪಾಲು.

ಹುಡುಕುವ ದಾರಿಗಳು ಹೊಸವೇನೂ ಅಲ್ಲ. ಊರು ಮಲಗಿದ ಮೇಲೆ ಒಂದು ವಲಯಕ್ಕೆ ಹೋಗುವ ನೀರನ್ನು ಮೀಟರಿನಲ್ಲಿ ಅಳೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರೂ ಬಟ್ಟೆ ಒಗೆಯುವುದಿಲ್ಲ, ಆಗಲೂ ಮೀಟರ್ ಜೋರಾಗಿ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋದರೆ ಯಾವ ಬೀದಿ ಎಂದು ಗೊತ್ತಾಗುತ್ತದೆ. ಆಮೇಲೆ ಕಬ್ಬಿಣದ ಸರಳನ್ನು ಕೊಳವೆಗೆ ತಾಗಿಸಿ ಕಿವಿಯಿಟ್ಟು ಕೇಳುವ ಅನುಭವಿಗಳಿದ್ದಾರೆ. ಎರಡು ಕಡೆ ಸೆನ್ಸರ್ ಇಟ್ಟು, ಸದ್ದು ತಲಪುವ ಸಮಯದ ವ್ಯತ್ಯಾಸದಿಂದ ಜಾಗ ಲೆಕ್ಕ ಹಾಕುವ ಯಂತ್ರವೂ ಇದೆ. ಕಬ್ಬಿಣದಲ್ಲಿ ಸದ್ದು ದೂರ ಹೋಗುತ್ತದೆ, ಪಿವಿಸಿಯಲ್ಲಿ ಬೇಗ ಸಾಯುತ್ತದೆ. ಈಗ ಹಾಕುತ್ತಿರುವುದು ಹೆಚ್ಚಾಗಿ ಪ್ಲಾಸ್ಟಿಕ್ ಕೊಳವೆಗಳೇ ಆದ್ದರಿಂದ ಇದನ್ನು ಎಂಜಿನಿಯರರು ಮೊದಲೇ ಯೋಚಿಸಬೇಕು.

ಆದರೆ ಯಂತ್ರ ತಂದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಕೆನಡಾದ ಕ್ಯಾಲ್ಗರಿ ನಗರದಲ್ಲಿ 2024ರ ಜೂನ್ 5ರಂದು ಸುಮಾರು ಎರಡು ಮೀಟರ್ ಅಗಲದ ಮುಖ್ಯ ಕೊಳವೆ ಒಡೆಯಿತು. 1975ರಲ್ಲಿ ಹಾಕಿದ್ದ ಅದು ಕಾಂಕ್ರೀಟಿನ ಸುತ್ತ ಬಿಗಿದ ಉಕ್ಕಿನ ತಂತಿಗಳ ಬಲದ ಮೇಲೆ ನಿಂತದ್ದು. ತಂತಿ ತುಕ್ಕು ಹಿಡಿದು ಕಡಿದರೆ ಹೊರಗೆ ಏನೂ ಕಾಣುವುದಿಲ್ಲ. ಒಡೆದ ಮೇಲೆ ಯಂತ್ರವೊಂದನ್ನು ಕೊಳವೆಯೊಳಗೆ ಕಳುಹಿಸಿ ನೋಡಿದಾಗ ಇನ್ನೂ ಐದು ಅಪಾಯದ ಜಾಗಗಳು ಸಿಕ್ಕಿದವು. ತಂತಿ ಕಡಿಯುವ ಸದ್ದನ್ನು ಹಿಡಿಯುವ ವ್ಯವಸ್ಥೆಯನ್ನೂ ಅಳವಡಿಸಿದರು. ಇಷ್ಟಾದರೂ 2025ರ ಡಿಸೆಂಬರ್ 30ರಂದು ಅದೇ ಕೊಳವೆ ಮತ್ತೆ ಒಡೆಯಿತು. ಪರೀಕ್ಷೆಯಿಂದ ಎಲ್ಲಿ ಕೆಟ್ಟಿದೆ ಎಂದು ತಿಳಿಯಬಹುದು, ಹಳೆಯದನ್ನು ಬದಲಾಯಿಸುವ ಹಣ ಮತ್ತು ಮನಸ್ಸು ಬೇರೆಯೇ ಬೇಕು.

ನಮ್ಮಲ್ಲಿ ಹೊಸ ಕೊಳವೆಗೆ ಹಣ ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ಹಳೆಯದನ್ನು ಪರೀಕ್ಷಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ! ಲೆಕ್ಕಕ್ಕೆ ಸಿಗದ ನೀರು ಶೇಕಡಾ 20ನ್ನು ಮೀರಬಾರದು ಎಂಬ ಮಟ್ಟವನ್ನು ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಗೊತ್ತುಪಡಿಸಿತ್ತು. ವಾರ್ಡ್ ಸಭೆ, ಗ್ರಾಮಸಭೆಗಳಿಗೆ ಹೋಗುವ ನಮ್ಮವರು ಅಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ನಮ್ಮ ಊರಲ್ಲಿ ಆ ಲೆಕ್ಕ ಎಷ್ಟು, ಅದನ್ನು ಅಳೆದವರು ಯಾರು? ಕೊಳವೆ ಚರಂಡಿಯೊಳಗಿಂದ ಹಾದುಹೋಗುವ ಜಾಗಗಳ ಪಟ್ಟಿ ಇದೆಯೇ ಎಂದೂ ಕೇಳಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ನೀಡುವ ಏರ್ಪಾಡು ಇದೆ. ಆ ಕಿಟ್ ಪಂಚಾಯತಿನ ಕಪಾಟಿನಲ್ಲಿದ್ದರೆ ಹೊರಗೆ ತೆಗೆಸಿ, ಕೊಳವೆಯ ಕೊನೆಯ ಮನೆಯ ನೀರನ್ನೂ ನೋಡುವುದು ಒಳ್ಳೆಯದು.

ಚರ್ಚ್, ಶಾಲೆ, ಕಾನ್ವೆಂಟುಗಳ ಆವರಣದಲ್ಲೂ ಹಳೆಯ ಜಿಐ ಕೊಳವೆಗಳಿವೆ. ರಾತ್ರಿ ಎಲ್ಲ ನಳ್ಳಿ ಮುಚ್ಚಿ, ಟ್ಯಾಂಕಿಗೆ ಹೋಗುವ ವಾಲ್ವನ್ನೂ ಬಂದ್ ಮಾಡಿ, ನೀರು ಬರುವ ಹೊತ್ತಿನಲ್ಲೇ ಮೀಟರ್ ಬರೆದಿಟ್ಟು ಗಂಟೆ ಬಿಟ್ಟು ಮತ್ತೆ ನೋಡಿದರೆ ಸಾಕು. ಮುಳ್ಳು ಸರಿದಿದ್ದರೆ ಪ್ಲಂಬರನ್ನು ಕರೆಸಬೇಕು.